ಹದಿನೇಳನೆಯವನ ನೆಣ

ಟ್ಯಾಸ್ಮೇನಿಯ, ಉತ್ತರ ಕರಾವಳಿ
14 ಮಾರ್ಚ್ 2022

…ಸಾಕು, ಇದರೊಳಗೆ ಒಂದು ಸಂತೆಯೇ ಇದೆ ಎಂದೋ, ಇಲ್ಲ, ಜನ ಕಿಕ್ಕಿರಿದಿದ್ದಾರೆ ಎಂದೋ, ಅಂಥದೇನನ್ನೋ ನೀವು ಅಂದಿರಿ. ಪೂರ್ತಿ ನೆನಪಿಲ್ಲ. ಹೊಕ್ಕುಳ ಪಕ್ಕದಲ್ಲಿ ಸೂಜಿ ಆಡುತ್ತಿರುವಾಗ ಕೇಳಿದ ಮಾತು ಎಷ್ಟೆಂದು ನೆನಪಿರುತ್ತದೆ? ನಿಮ್ಮ ಅಧ್ಯಯನಕ್ಕೆ ನೆಣ ಕೊಡಲು ಮೆಲ್ಬರ್ನಿನ ಆಸ್ಪತ್ರೆಯಲ್ಲಿ ಮಲಗಿದ್ದೆ, ಎದೆಯ ಮೇಲೆ ಹಸಿರು ಬಟ್ಟೆಯ ಪರದೆ ಇತ್ತು. ಅದರಾಚೆ ಡಾಕ್ಟರು “ಇಷ್ಟು ಸಾಕಾ?” ಎಂದು ಕೇಳಿದರು. ಕೊಳವೆ ಒಯ್ಯಲು ಬಂದಿದ್ದ ನೀವು ಉತ್ತರ ಕೊಟ್ಟಿರಿ. ಹೆಂಗಸಿನ ದನಿ, ನೀಲಿ ಕೈಗವಸು ಹಾಕಿದ ಒಂದು ಕೈ. ಅಷ್ಟು ಬಿಟ್ಟರೆ ನಿಮ್ಮದೇನೂ ನನಗೆ ಗೊತ್ತಿಲ್ಲ. ಆ ಕೈಗೆ ಈ ಪತ್ರ.

ನಲವತ್ತು ವರ್ಷ ಮಾಂಸದ ಅಂಗಡಿ ನಡೆಸಿದವನು ನಾನು. ಹೋದ ವರ್ಷ ಮುಚ್ಚಿದೆ. ನೆಣವನ್ನು ಕಣ್ಣಿಗಿಂತ ಬೆರಳಿನಿಂದ ಹೆಚ್ಚು ಬಲ್ಲೆ. ಮೂತ್ರಪಿಂಡದ ಸುತ್ತಲಿನದು ಪುಡಿಪುಡಿಯಾಗುತ್ತದೆ, ಬೆನ್ನಿನದು ಗಟ್ಟಿ, ಎದೆಯದು ಜಾರುತ್ತದೆ. ಹುಲ್ಲು ಮೇಯ್ದ ಜೆರ್ಸಿಯ ನೆಣ ಹಳದಿ. ಕೊಳವೆಯಲ್ಲಿ ನನ್ನದನ್ನು ಎತ್ತಿ ತೋರಿಸಿದಾಗ ಅದೇ ಹಳದಿ. “ನಾನು ಜೆರ್ಸಿ ಹಸು ಕಣಮ್ಮ” ಅಂದೆ. ನನ್ನ ಮಣಿಕಟ್ಟು ಹಿಡಿದು ನಿಂತಿದ್ದ ನರ್ಸ್ ಬ್ರೈಡಿ, “ಹಸು ಆದ್ರೂ ಆಗಿ, ಅಲ್ಲಾಡ್ಬೇಡಿ” ಅಂದಳು.

ಈ ನಲವತ್ತು ವರ್ಷದಲ್ಲಿ ನೆಣದೊಳಗೆ ಯಾರಾದರೂ ಇರಬಹುದು ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಸ್ನಾಯು ದುಡಿಯುತ್ತದೆ, ಪಿತ್ತಜನಕಾಂಗ ದುಡಿಯುತ್ತದೆ, ನೆಣ ಸುಮ್ಮನೆ ಕೂತಿರುತ್ತದೆ. ನಾನು ತಿಳಿದದ್ದು ಹಾಗೆ, ಗಿರಾಕಿಗಳಿಗೆ ಹೇಳಿದ್ದೂ ಹಾಗೆ. ಎಂಬತ್ತೇಳನೇ ಇಸವಿಯಿಂದ ನನಗೆ ಎಚ್‌ಐವಿ ಇದೆ. ಇಪ್ಪತ್ತು ವರ್ಷದಿಂದ ರಕ್ತದಲ್ಲಿ ವೈರಸ್ ಕಾಣಿಸಿಲ್ಲ. ಆ ವ್ಯವಹಾರ ಒಂದು ರೀತಿಯಲ್ಲಿ ತೀರಿತು ಎಂದುಕೊಂಡಿದ್ದೆ.

ಯಾರು ಅವರು? ಅಲ್ಲಿ ಏನು ಮಾಡುತ್ತಿದ್ದಾರೆ?

ಹೆಸರು ಬರೆಯಬಾರದಂತೆ. ಬರೆದಿದ್ದೇನೆ, ಬ್ರೈಡಿ ಅಳಿಸಿಕೊಳ್ಳಲಿ.

ಇಂತಿ,
ಹದಿನೇಳು


ಮೆಲ್ಬರ್ನ್
9 ಏಪ್ರಿಲ್ 2022

ಹದಿನೇಳನೆಯವರಿಗೆ,

ನಿಮ್ಮ ಪತ್ರ ಮೂರು ಕಪ್ಪು ಪಟ್ಟಿಗಳೊಂದಿಗೆ ಬಂತು. ನಿಮ್ಮ ಹೆಸರು, ಊರು, ಅಂಗಡಿ ಇದ್ದ ಬೀದಿ. ಬ್ರೈಡಿ ಅದನ್ನು ನನ್ನ ಮೇಜಿನ ಮೇಲಿಟ್ಟು ನಿಯಮ ಹೇಳಿದಳು: “ಬರ್ಕೊಳ್ಳಿ, ಬೇಡ ಅನ್ನಲ್ಲ. ಎಲ್ಲಾ ನನ್ನ ಕೈ ದಾಟಿ ಹೋಗ್ಬೇಕು. ಹೆಸರು ಬಂತೋ, ನನ್ನ ಮಾರ್ಕರ್ ಬಂತು.” ನೀವು ನನಗೆ ಒಂದು ಸಂಖ್ಯೆ. ನಾನು ನಿಮಗೆ ಅಷ್ಟೂ ಅಲ್ಲ. ಅಧ್ಯಯನ ನಡೆಯುವಷ್ಟು ದಿನ ಹೀಗೆ.

ಕೊಳವೆಯ ಬಗ್ಗೆ ಯಾರೂ ಈವರೆಗೆ ನಮ್ಮನ್ನು ಏನನ್ನೂ ಕೇಳಿರಲಿಲ್ಲ. ಗಾಯ ಯಾವಾಗ ಒಣಗುತ್ತದೆ, ಕಾರು ಎಲ್ಲಿ ನಿಲ್ಲಿಸಬೇಕು, ಇಷ್ಟೇ ಕೇಳುತ್ತಾರೆ. ಹಾಗಾಗಿ ನಿಮಗೆ ಹೇಗೆ ಬರೆಯಬೇಕು ಎಂಬುದರ ಅಭ್ಯಾಸ ನನಗಿಲ್ಲ.

ಸಂತೆ ಎಂದೇ ಅಂದಿರಬೇಕು. ನೆಣದ ಜೀವಕೋಶಗಳು ಎಣ್ಣೆ ತುಂಬಿದ ದೊಡ್ಡ ದೊಡ್ಡ ಚೀಲಗಳ ಹಾಗೆ. ಅವುಗಳ ಸಂದಿಗಳಲ್ಲಿ ಚಿಕ್ಕ ಕೋಶಗಳು ಓಡಾಡುತ್ತವೆ, ದೇಹದ ಕಾವಲಿನವು. ಇದು ಎಲ್ಲರಲ್ಲೂ ಇದೆ. ಎಚ್‌ಐವಿಯೊಂದಿಗೆ ಬಹಳ ಕಾಲ ಬದುಕಿದವರಲ್ಲಿ ಆ ಕಾವಲಿನ ಸ್ವರೂಪ ಬೇರೆಯಾಗಿ ಕಾಣುತ್ತದೆ. ಹಿಂದೆ ಯಾವುದೋ ಕಾಲದಲ್ಲಿ ಹೋರಾಡಿ, ಕೆಲಸ ಮುಗಿದ ಮೇಲೂ ಮನೆಗೆ ಹೋಗದೆ, ಆಯುಧ ಕೆಳಗಿಡದೆ ಕೂತವು ಹೆಚ್ಚು. ಮಲಗಿರುವ ವೈರಸ್ಸನ್ನು ಹೊತ್ತವೂ ಕೆಲವು ಅಲ್ಲಿರುತ್ತವೆ. ಔಷಧಿ ಅಲ್ಲಿಗೆ ಎಷ್ಟರಮಟ್ಟಿಗೆ ತಲುಪುತ್ತದೆ ಎಂಬುದೂ ನಮಗೆ ಪೂರ್ತಿ ತಿಳಿಯದು.

ವಿಚಿತ್ರ ಏನೆಂದರೆ, ಆ ಆಯುಧ ಹಿಡಿದವನ್ನು “ನಿಮ್ಮ ಶತ್ರು ಯಾರು?” ಎಂದು ಕೇಳಿದರೆ (ಕೇಳುವ ದಾರಿಗಳಿವೆ) ಬಹಳಷ್ಟು ಎಚ್‌ಐವಿಯನ್ನು ತೋರಿಸುವುದಿಲ್ಲ. ಬಾಲ್ಯದಲ್ಲೋ ಯೌವನದಲ್ಲೋ ಎಂಜಲಿನಿಂದ ಹೆಚ್ಚಿನವರಿಗೆ ಬರುವ, ಬಂದದ್ದೇ ಗೊತ್ತಾಗದ, ಮತ್ತೆಂದೂ ಹೋಗದ ಇನ್ನೊಂದು ಮಾಮೂಲಿ ವೈರಸ್ ಇದೆ. ಅದನ್ನು ತೋರಿಸುತ್ತವೆ. ಅದಕ್ಕಾಗಿ ನೆಣದಲ್ಲಿ ಯಾಕೆ ಸೇರಿದವು? ಅವು ಅಲ್ಲಿರುವುದರಿಂದಲೇ ಕೆಲವರ ರಕ್ತದಲ್ಲಿ ಸಕ್ಕರೆ ಏರುತ್ತದೆಯೇ? ಸಕ್ಕರೆ ಕಾಯಿಲೆ ಇರುವವರು ಕೆಲವರು, ನಿಮ್ಮಂತೆ ಇಲ್ಲದವರು ಕೆಲವರು. ಇವರಿಂದ ಈಗೊಮ್ಮೆ, ವರ್ಷದ ನಂತರ ಇನ್ನೊಮ್ಮೆ ತೆಗೆದು ಹೋಲಿಸುವುದು ಅದಕ್ಕಾಗಿ.

ಈ ಸಲ ನಿಮ್ಮಿಂದ ನಮ್ಮ ಕೈಗೆ ಬಂದದ್ದು ಸ್ವಲ್ಪ ಕಡಿಮೆ. ಫೆಬ್ರವರಿಯಲ್ಲಿ ಇನ್ನಷ್ಟು ಸಿಕ್ಕರೆ ಒಳ್ಳೆಯದು.

ಇಂತಿ,
ಪ್ರಯೋಗಾಲಯದ ಬೆಂಚಿನಿಂದ


ಟ್ಯಾಸ್ಮೇನಿಯ, ಉತ್ತರ ಕರಾವಳಿ
2 ಜೂನ್ 2022

ಬೆಂಚಿನವರಿಗೆ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಮೂರು ಸಲ ಅರ್ಥವಾಗಲೆಂದು, ನಾಲ್ಕನೆಯ ಸಲ ಅರ್ಥವಾದದ್ದಕ್ಕೆ.

ಕೆಲಸ ಮುಗಿದ ಮೇಲೂ ಮನೆಗೆ ಹೋಗದವರನ್ನು ನಾನು ಬಲ್ಲೆ. ನಮ್ಮೂರಿನ ಮಾಜಿ ಸೈನಿಕರ ಕ್ಲಬ್ಬಿನಲ್ಲಿ ಗುರುವಾರ ಮಧ್ಯಾಹ್ನ ಅಗ್ಗದ ಊಟ. ಅಲ್ಲಿ ಕೂತ ಮುದುಕರು ವಿಯೆಟ್ನಾಂ ಯುದ್ಧವನ್ನು ಮೇಜಿನ ಮೇಲೆ ಉಪ್ಪಿನ ಡಬ್ಬಿ ಸರಿಸಿ ಸರಿಸಿ ಇನ್ನೂ ಗೆಲ್ಲುತ್ತಿದ್ದಾರೆ. ಅವರಿಂದ ತೊಂದರೆ ಇದೆಯೇ ಎಂದರೆ ಇಲ್ಲ. ಆದರೆ ಅವರು ಕೂತ ಮೂಲೆಯಲ್ಲಿ ಬೇರೆ ಯಾರೂ ಕೂರುವುದಿಲ್ಲ. ಅಕ್ಕನಿಗೆ ನಿಮ್ಮ ಪತ್ರ ಓದಿ ಹೇಳಿದೆ. ಅವಳು ಎದುರು ಬೀದಿಯಲ್ಲಿದ್ದಾಳೆ, ಎಪ್ಪತ್ತು. “ಅಂದ್ರೆ ನಿನ್ನ ಹೊಟ್ಟೇಲಿ ಪೊಲೀಸ್ ಠಾಣೆ ಇದೆ ಅನ್ನು. ಅದಕ್ಕೇ ಕಣೋ, ಯಾವಾಗ ನೋಡಿದ್ರೂ ಗುರುಗುಟ್ಟುತ್ತೆ” ಅಂದಳು.

ಕಡಿಮೆ ಬಂತು ಎಂದಿರಿ. ಮಂಚದ ಪಕ್ಕ ನಿಂತಾಗ ಸಾಕು ಎಂದವರು ನೀವೇ. ಮರ್ಯಾದೆಗೆ ಅಂದಿರಬೇಕು. ನಾನೂ ಗಿರಾಕಿಗಳಿಗೆ ಹಾಗೆ ಎಷ್ಟೋ ಸಲ ಅಂದಿದ್ದೇನೆ. ಅದರ ಬಗ್ಗೆ ಯೋಚಿಸಬೇಡಿ. ನನ್ನ ಪಾಲಿನದನ್ನು ನಾನು ನೋಡಿಕೊಳ್ಳುತ್ತೇನೆ.

ಒಂದು ಪ್ರಶ್ನೆ. ತೊಂಬತ್ತರ ದಶಕದಲ್ಲಿ ನಮಗೆ ಕೊಟ್ಟ ಮಾತ್ರೆ ಪ್ರಾಣ ಉಳಿಸಿತು, ಕೆನ್ನೆ ತಿಂದಿತು. ನನ್ನ ಮುಖದಲ್ಲಿ ಇವತ್ತಿಗೂ ಎರಡು ಗುಳಿಗಳಿವೆ. ಆ ಕಾಲದಲ್ಲಿ ಬೀದಿಯಲ್ಲಿ ನಮ್ಮಂಥವರು ಒಬ್ಬರನ್ನೊಬ್ಬರು ಕೆನ್ನೆ ನೋಡಿ ಗುರುತಿಸುತ್ತಿದ್ದೆವು, ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದೆವು. ನನ್ನ ಸಂಗಾತಿ ಗ್ರೇಮ್ ಆ ಮಾತ್ರೆ ಬರುವ ಮೊದಲೇ ಹೋದ, ತೊಂಬತ್ತಮೂರರ ಚಳಿಗಾಲದಲ್ಲಿ. ಒಂಬತ್ತು ವರ್ಷ ಒಟ್ಟಿಗೆ ಇದ್ದೆವು. ಕೊನೆಯ ತಿಂಗಳು ಅವನನ್ನು ಸ್ನಾನದ ಮನೆಗೆ ನಾನೇ ಎತ್ತಿಕೊಂಡು ಹೋಗುತ್ತಿದ್ದೆ. ದಿನಾ ಅರ್ಧ ದನ ಹೊರುವವನಿಗೆ ಅವನು ಏನೂ ಭಾರವಲ್ಲ. ಅವನ ಮೈಯಲ್ಲಿ ಎಲ್ಲಿ ಮುಟ್ಟಿದರೂ ನೆಣವಿರಲಿಲ್ಲ. ಈ ನಿಮ್ಮ ಕಾವಲಿನವರು, ನೆಣವೇ ಇಲ್ಲದಾಗ ಎಲ್ಲಿಗೆ ಹೋಗುತ್ತಾರೆ?

ಹದಿನೇಳು

(ಗ್ರೇಮ್ ಹೆಸರಿನ ಬಗ್ಗೆ ಬ್ರೈಡಿಗೆ ಫೋನು ಮಾಡಿ ಕೇಳಿದೆ. “ಸತ್ತವರಿಗೆ ಮಾರ್ಕರ್ ಇಲ್ಲ, ಬರೀರಿ” ಅಂದಳು.)


ಮೆಲ್ಬರ್ನ್
30 ಜುಲೈ 2022

ಹದಿನೇಳನೆಯವರಿಗೆ,

ಉತ್ತರ ತಡವಾಯಿತು. ನಿಮ್ಮ ಪ್ರಶ್ನೆಯನ್ನು ಸೋಮವಾರದ ಸಭೆಯಲ್ಲಿ ಕೇಳಿದೆ, ಯಾರದೆಂದು ಹೇಳದೆ. ಆರು ಜನ ಇದ್ದೆವು. ನನ್ನ ಸಹೋದ್ಯೋಗಿಯೊಬ್ಬ, “ಒಳ್ಳೇ ಪ್ರಶ್ನೆ ಕಣೇ, ಯಾವ ವಿದ್ಯಾರ್ಥಿದು?” ಅಂದ.

ಇಲಿಗಳಲ್ಲಿ ನೋಡಿದವರಿದ್ದಾರೆ. ಆಹಾರ ಕಡಿಮೆ ಮಾಡಿದಾಗ ಈ ಕಾವಲಿನ ಕೋಶಗಳಲ್ಲಿ ಕೆಲವು ಎಲುಬಿನ ಮಜ್ಜೆಗೆ ಹೋಗಿ ಸೇರಿಕೊಳ್ಳುತ್ತವೆ. ಅಲ್ಲಿ ಕೊನೆಯವರೆಗೂ ಉಳಿಯುವ ಒಂದಿಷ್ಟು ನೆಣ ಇರುತ್ತದೆ. ಮನುಷ್ಯರಲ್ಲಿ ಹೇಗೋ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯುವುದು ನನ್ನ ಕೆಲಸದಲ್ಲಿ ಸುಲಭ. ನಿಮಗೆ ಬರೆಯುವಾಗ ಯಾಕೋ ಸುಲಭವಾಗಲಿಲ್ಲ.

ಗಾಜಿನ ಮೇಲಿಟ್ಟ ನಿಮ್ಮ ಒಂದು ತುಣುಕನ್ನು ನಿನ್ನೆ ಮತ್ತೆ ನೋಡಿದೆ. ಒಂದು ಜಾಗದಲ್ಲಿ ಸಾಯುತ್ತಿರುವ ನೆಣದ ಕೋಶ. ಅದರ ಸುತ್ತ ಚಿಕ್ಕವು ಉಂಗುರ ಕಟ್ಟಿ ನಿಂತಿವೆ. ಸಾಯುವುದನ್ನು ಮುತ್ತಿಗೆ ಹಾಕಿವೆಯೋ, ಕೊನೆಯ ಹೊತ್ತಿಗೆ ಜೊತೆಗಿರಲು ಬಂದಿವೆಯೋ ಎಂದು ಹೊರಗಿನಿಂದ ನೋಡಿದವರಿಗೆ ತಿಳಿಯದು. ಶುಚಿ ಮಾಡಲು ಬಂದಿವೆ ಎಂಬುದು ಸರಿಯಾದ ಉತ್ತರ.

ನಿಮ್ಮ ಪಾಲನ್ನು ನೋಡಿಕೊಳ್ಳುತ್ತೇನೆ ಎಂದಿರಿ. ಮಾತ್ರೆ ತಪ್ಪಿಸದೆ ನುಂಗುವುದೇ ನಿಮ್ಮ ದೊಡ್ಡ ಪಾಲು, ಅದನ್ನು ನೀವು ಮೂರು ದಶಕದಿಂದ ಮಾಡುತ್ತಿದ್ದೀರಿ. ಉಳಿದಂತೆ ಎಂದಿನ ಹಾಗೆ ಇರಿ. ನಿಮಗೆ ಕೊಟ್ಟ ಹಾಳೆಯಲ್ಲೂ ಅದೇ ಇದೆ, ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ.

ಭಾನುವಾರ ಅಮ್ಮನ ಮನೆಗೆ ಹೋಗಿದ್ದೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಗ್ರೀಸಿನ ಒಂದು ದ್ವೀಪದಲ್ಲಿ ಹಸಿದು ಬೆಳೆದವಳು. ಬಾಗಿಲು ತೆರೆದವಳೇ ನನ್ನ ಸೊಂಟ ಚಿವುಟಿ, “ಮೂಳೆ ಸಿಗ್ತಿದೆ ಮಗಳೇ. ಅಲ್ಲಿ ಬೇರೆಯವರ ಕೊಬ್ಬು ನೋಡ್ಕೊಂಡು ಕೂರ್ತೀಯಲ್ಲ, ನಿಂದು ಯಾರು ನೋಡ್ತಾರೆ?” ಅಂದಳು. ಇದನ್ನೇಕೆ ಬರೆದೆನೋ.

ಕೊಳವೆಯ ವಿಷಯದಲ್ಲಿ ನಿಮಗೆ ಒಂದು ಮಾತು ಹೇಳುವುದಿದೆ. ಇನ್ನೊಮ್ಮೆ ಬರೆಯುತ್ತೇನೆ.

ಬೆಂಚಿನಿಂದ


ಟ್ಯಾಸ್ಮೇನಿಯ, ಉತ್ತರ ಕರಾವಳಿ
11 ಅಕ್ಟೋಬರ್ 2022

ಬೆಂಚಿನವರಿಗೆ,

ಕೊಳವೆಯ ವಿಷಯ ನೀವು ಹೇಳಬೇಕಿಲ್ಲ, ಕೆಲಸ ಆಗಿದೆ. ಫೆಬ್ರವರಿಯಲ್ಲಿ ನೋಡಿ ಖುಷಿಪಡಲಿ ಎಂದು ಗುಟ್ಟಾಗಿಟ್ಟಿದ್ದೆ, ತಡೆಯಲಾಗುತ್ತಿಲ್ಲ. ಇವತ್ತಿಗೆ ಹನ್ನೊಂದು ಕಿಲೋ ಏರಿದ್ದೇನೆ.

ನೀವು ಕಡಿಮೆ ಎಂದು ಬರೆದ ದಿನ ನನಗಾದ ನಾಚಿಕೆ ಬೇರೆ ಕಸುಬಿನವರಿಗೆ ಅರ್ಥವಾಗಲಿಕ್ಕಿಲ್ಲ. ನಲವತ್ತು ವರ್ಷದಲ್ಲಿ ನನ್ನ ಅಂಗಡಿಯಿಂದ ತೂಕ ಕಡಿಮೆ ಎಂದು ಒಬ್ಬರೂ ವಾಪಸು ಬಂದಿಲ್ಲ. ಕೀಮಾ ಇರಲಿ, ಮೂಳೆ ಇರಲಿ, ತಕ್ಕಡಿ ಸರಿತೂಗಿದ ಮೇಲೆ ಒಂದು ತುಂಡು ಮೇಲೆ ಹಾಕಿಯೇ ಕಟ್ಟಿಕೊಡುತ್ತಿದ್ದೆ. ನನ್ನ ಮೈಯಿಂದಲೇ ಕೊಡಬೇಕಾದಾಗ ಕಡಿಮೆಯಾಯಿತು ಎಂದರೆ ಹೇಗೆ? ಪ್ರದರ್ಶನಕ್ಕೆ ಹೋರಿ ತಯಾರು ಮಾಡುವುದನ್ನು ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ: ಕೊನೆಯ ನೂರು ದಿನ ಕಾಳು ಹಾಕಬೇಕು, ಓಡಾಡಿಸಬಾರದು, ಬೆದರಿಸಬಾರದು. ಅದೇ ಕ್ರಮ. ಬೆಳಿಗ್ಗೆ ಬೇಕರಿಯ ಸ್ಕಾಲಪ್ ಎಂಬ ಚಿಪ್ಪುಮೀನಿನ ಕಡುಬು ಎರಡು. ಮಧ್ಯಾಹ್ನ ಕುರಿಯ ಪಕ್ಕೆ, ಅಂಚಿನ ನೆಣ ಕತ್ತರಿಸದೆ. ಸಂಜೆ ಕೆನೆ. ಸಮುದ್ರದ ದಂಡೆಗೆ ನಡೆದು ಹೋಗುವುದನ್ನು ಬಿಟ್ಟೆ, ಕಾರಿನಲ್ಲೇ ಹೋಗುತ್ತೇನೆ.

ಅಕ್ಕನಿಗೆ ಹೇಳಿರಲಿಲ್ಲ. ಹೋದ ವಾರ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯುವಾಗ ಸಿಕ್ಕಿಬಿದ್ದೆ.

“ಏನೋ ಇದು? ಎಷ್ಟನೇ ತಿಂಗಳು?”

“ವಿಜ್ಞಾನಕ್ಕೆ ಕಣೇ.”

“ವಿಜ್ಞಾನದಪ್ಪ ಯಾರು?”

ನಗಬೇಡಿ. ಒಂದು ಬೇಸರ ಮಾತ್ರ ಇದೆ. ಎಲ್ಲ ಹೊಟ್ಟೆಗೇ ಹೋಯಿತು. ಕೆನ್ನೆಯ ಗುಳಿಗಳು ಹಾಗೇ ಇವೆ. ನೆಣಕ್ಕೆ ಎಲ್ಲಿ ಹೋಗಬೇಕೆಂದು ಹೇಳುವವರು ಯಾರೂ ಇಲ್ಲವೇನೋ. ಇದನ್ನು ಯಾರಾದರೂ ಅಭ್ಯಾಸ ಮಾಡುತ್ತಿದ್ದಾರೆಯೇ?

ಈ ಸಲ ದೊಡ್ಡ ಕೊಳವೆ ತನ್ನಿ.

ಹದಿನೇಳು


ಮೆಲ್ಬರ್ನ್
17 ಅಕ್ಟೋಬರ್ 2022

ಹದಿನೇಳನೆಯವರಿಗೆ,

ದಯವಿಟ್ಟು ನಿಲ್ಲಿಸಿ. ಇಂದಿನಿಂದಲೇ. ಈ ಪತ್ರ ತಲುಪಿದ ದಿನವೇ ನಿಮ್ಮ ಡಾಕ್ಟರರ ಬಳಿ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿ. ಬ್ರೈಡಿ ಅವರಿಗೆ ಫೋನು ಮಾಡಿರುತ್ತಾಳೆ.

ನಮ್ಮ ಕ್ರಮದಲ್ಲಿ ಒಂದು ಷರತ್ತಿದೆ. ಎರಡು ಸಲದ ನಡುವೆ ಐದು ಕಿಲೋಗಿಂತ ಹೆಚ್ಚು ಏರಿದವರನ್ನೋ ಇಳಿದವರನ್ನೋ ಎರಡನೆಯ ಸಲ ತೆಗೆದುಕೊಳ್ಳುವಂತಿಲ್ಲ. ತೂಕ ಬದಲಾದರೆ ಕಾವಲೂ ಬದಲಾಗುತ್ತದೆ, ಹೋಲಿಕೆಗೆ ಅರ್ಥವಿರುವುದಿಲ್ಲ. ಇದನ್ನು ಮೊದಲೇ ಹೇಳಿದರೆ ಜನ ತಕ್ಕಡಿ ನೋಡಿಕೊಂಡು ಬದುಕಲು ಶುರುಮಾಡುತ್ತಾರೆ ಎಂದು ಹಾಳೆಯಲ್ಲಿ ‘ಎಂದಿನ ಹಾಗೆ ಇರಿ’ ಎಂದಷ್ಟೇ ಬರೆಯುತ್ತೇವೆ. ಅದು ನಿಯಮ. ಅದರ ಹಿಂದೆ ನಾನು ಅಡಗಿಕೊಳ್ಳಬಹುದು.

ಆದರೆ ಇನ್ನೊಂದು ಇದೆ. ನೀವು ಕೊಟ್ಟದ್ದು ಕಡಿಮೆಯಿರಲಿಲ್ಲ. ಮಂಚದ ಪಕ್ಕದಲ್ಲಿ ನಾನು ಸಾಕು ಎಂದದ್ದು ಮರ್ಯಾದೆಗಲ್ಲ, ನಿಜವಾಗಿ ಸಾಕಾಗಿತ್ತು. ಗಾಜಿನ ಮೇಲೆ ಒಂದು ತುಣುಕು ತೆಗೆದಿಟ್ಟು, ಉಳಿದದ್ದನ್ನು ಕಡೆಯುವ ಯಂತ್ರದಲ್ಲಿಟ್ಟೆ. ಕೊಳವೆಯ ಮುಚ್ಚಳವನ್ನು ಸರಿಯಾಗಿ ತಿರುಗಿಸಿರಲಿಲ್ಲ. ಯಂತ್ರ ನಿಂತಾಗ ಅರ್ಧ ಅದರ ಗೋಡೆಗೆ ಬಳಿದುಕೊಂಡಿತ್ತು. ಒರೆಸಿ ತೆಗೆದೆ. ಉಳಿದ ಅರ್ಧವನ್ನು ಹೆಪ್ಪುಗಟ್ಟಿಸಿಟ್ಟೆ. ನಮ್ಮ ವಿಧಾನಕ್ಕೆ ಅದು ಸಾಲದು. ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಚೆಲ್ಲಿದೆ ಎಂದು ನಿಮಗೆ ಬರೆಯಲು ಆಗಲಿಲ್ಲ, ಕಡಿಮೆ ಬಂತು ಎಂದು ಬರೆದೆ. ಆಗ ಅದೊಂದು ಸಣ್ಣ ವಾಕ್ಯವಾಗಿ ಕಂಡಿತು.

ನಿಮ್ಮ ಹನ್ನೊಂದು ಕಿಲೋ ಆ ವಾಕ್ಯದ್ದು.

ಬೆಂಚಿನಿಂದ


ಟ್ಯಾಸ್ಮೇನಿಯ, ಉತ್ತರ ಕರಾವಳಿ
24 ನವೆಂಬರ್ 2022

ಬೆಂಚಿನವರಿಗೆ,

ಐದು ವಾರ ಬರೆಯಲಿಲ್ಲ. ಕೋಪ ಬರಲಿ ಎಂದು ಕಾದೆ. ಬರುವ ಸೂಚನೆ ಕಾಣಲಿಲ್ಲ.

ಸಕ್ಕರೆ ಗೆರೆ ದಾಟಿದೆ. ಇಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವಳು. ಕಾಗದ ನೋಡಿ, ನನ್ನನ್ನು ನೋಡಿ, “ಬೇಕು ಬೇಕು ಅಂತ ದಪ್ಪ ಆದೋರನ್ನ ನಾನು ಇದೇ ಮೊದ್ಲು ನೋಡ್ತಿರೋದು” ಅಂದಳು. ಇನ್ನೊಂದು ಮಾತ್ರೆ ಸೇರಿತು. ಮೂರು ತಿಂಗಳಲ್ಲಿ ಇಳಿಸಿದರೆ ಬಿಡಬಹುದಂತೆ, ಇಳಿಯದಿದ್ದರೆ ಜೀವನಪೂರ್ತಿ. ಇಳಿಸುವುದು ಏರಿಸಿದಷ್ಟು ಸುಲಭವಲ್ಲ. ಈವರೆಗೆ ಎರಡು ಕಿಲೋ. ಹೊಸ ಕಾಯಿಲೆ ಒಂದನ್ನು ನಾನೇ ಮೇಯಿಸಿ ಬೆಳೆಸಿದೆ ಎಂಬುದು ವಿಚಿತ್ರ ಅನ್ನಿಸುತ್ತದೆ, ಭಯ ಅಲ್ಲ. ಭಯ ಸ್ವಲ್ಪ ಇದೆ.

ಕೋಪವೆಲ್ಲ ಅಕ್ಕನಿಗೇ ಬಂದಿದೆ. “ಆ ಹೆಂಗಸಿನ ನಂಬರ್ ಕೊಡು, ನಾನು ಮಾತಾಡ್ತೀನಿ.”

“ಅವಳಿಗೆ ನಂಬರಿಲ್ಲ. ಇಬ್ಬರಲ್ಲಿ ನಂಬರ್ ಇರೋದು ನನಗೇ.”

“ನಗಿಸ್ಬೇಡ. ಮುಚ್ಚಳ ಹಾಕೋಕೆ ಬರದಿದ್ದೋಳಿಗೆ ಡಾಕ್ಟರ್ ಪದವಿ ಬೇರೆ.”

ನನ್ನ ಅಂಗಡಿಯಲ್ಲೂ ಮುಚ್ಚಳಗಳು ಬಿದ್ದಿವೆ. ಅದಕ್ಕಲ್ಲ ನಾನು ಬರೆದದ್ದು. ನೀವು ಒಂದನ್ನು ಮುಚ್ಚಿಟ್ಟಿರಿ, ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ನಾಚಿಕೆ, ತೂಕ, ಕಸುಬು ಎಂದೆಲ್ಲ ಬರೆದೆನಲ್ಲ, ಅದು ಅರ್ಧ. ನನ್ನ ವಯಸ್ಸಿನ, ನನ್ನ ಸ್ಥಿತಿಯ ಗೆಳೆಯರು ಹದಿಮೂರು ಜನರಿದ್ದರು. ಈಗ ಇರುವವನು ನಾನೊಬ್ಬ. ಯಾಕೆ ನಾನು ಎಂದು ಯಾರನ್ನೂ ಕೇಳಲಾಗದು. ನನ್ನೊಳಗೆ ಏನೋ ಇದೆ, ಅದನ್ನು ಒಬ್ಬರು ಗಾಜಿನ ಮೇಲಿಟ್ಟು ನೋಡುತ್ತಿದ್ದಾರೆ ಎಂದು ತಿಳಿದ ಮೇಲೆ, ನಾನು ಬದುಕಿ ಉಳಿದದ್ದಕ್ಕೆ ಏನೋ ಒಂದು ಕೆಲಸವಿತ್ತು ಅನ್ನಿಸಿತು. ಎರಡನೆಯ ಸಲ ಕರೆಯದೆ ಬಿಟ್ಟಾರು ಎಂಬ ಹೆದರಿಕೆಗೆ ತಿಂದೆ.

ಈಗ ನನ್ನ ಪ್ರಶ್ನೆ. ಆರೋಗ್ಯವಂತನಿಗೆ ಆರೇ ತಿಂಗಳಲ್ಲಿ ಸಕ್ಕರೆ ಬಂದಿದೆ. ಮೊದಲಿನ ನೆಣ ನಿಮ್ಮಲ್ಲಿದೆ, ಈಗಿನದು ನನ್ನಲ್ಲಿದೆ. ಸಂತೆ ಬೆಳೆದಿದೆಯೋ ಇಲ್ಲವೋ ನೋಡಬೇಕು ಎಂದು ನಿಮಗೆ ಅನ್ನಿಸುವುದಿಲ್ಲವೇ? ನನಗಂತೂ ತಿಳಿಯಬೇಕು. ನನ್ನನ್ನು ಬಿಡಬೇಡಿ. ಕೇಳಿ ನೋಡಿ.

ಹದಿನೇಳು


ಮೆಲ್ಬರ್ನ್
15 ಡಿಸೆಂಬರ್ 2022

ಹದಿನೇಳನೆಯವರಿಗೆ,

ಅನ್ನಿಸಿತು. ನಿಮ್ಮ ಪತ್ರ ಓದುತ್ತಿದ್ದಂತೆ ಮೊದಲು ಅನ್ನಿಸಿದ್ದೇ ಅದು. ಆಮೇಲೆ ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ನೀತಿ ಸಮಿತಿಯನ್ನು ಕೇಳಿದೆ. ಮುಚ್ಚಳದ ಕಥೆಯನ್ನೂ, ನಾನು ನಿಮಗೆ ಬರೆದ ವಾಕ್ಯವನ್ನೂ ಲಿಖಿತವಾಗಿ ಕೊಟ್ಟೆ. ಒಂಬತ್ತು ಜನ, ಎರಡು ಗಂಟೆ. ಅವರಲ್ಲಿ ಒಬ್ಬ ಹಿರಿಯರು, “ನಿಮ್ಮ ತಪ್ಪಿನಿಂದ ಬಂದ ಕಾಯಿಲೆಯನ್ನು ನೀವೇ ಅಭ್ಯಾಸ ಮಾಡ್ತೀನಿ ಅಂತೀರಲ್ಲಮ್ಮ, ಅದು ನಿಮಗೆ ಸರಿ ಕಾಣುತ್ತಾ?” ಎಂದು ಕೇಳಿದರು. ಗದರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದಂತಿತ್ತು.

ತೀರ್ಮಾನ ಹೀಗಿದೆ. ನಿಮ್ಮನ್ನು ಎರಡನೆಯ ಸಲ ಕರೆಯುವಂತಿಲ್ಲ. ಮೊದಲ ಸಲದ ಅರ್ಧ, ನೀವು ಜೊತೆಯ ಕಾಗದಕ್ಕೆ ಸಹಿ ಹಾಕಿದರೆ ನಮ್ಮಲ್ಲಿ ಉಳಿಯುತ್ತದೆ. ಹಾಕದಿದ್ದರೆ ನಾಶ ಮಾಡುತ್ತೇವೆ. ಅಧ್ಯಯನದ ಹೊರಗಿನವರ ಪತ್ರ ಸಾಗಿಸಲು ಬ್ರೈಡಿಗೆ ಅನುಮತಿಯಿಲ್ಲ. ಸಹಿಯ ಕಾಗದದ ಜೊತೆ ನಿಮ್ಮದೊಂದು ಪತ್ರ ಬರಬಹುದು. ನನ್ನದು ಇದೇ ಕೊನೆ.

ಸಕ್ಕರೆಯ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಿ, ಖಾಲಿ ಹೊಟ್ಟೆಯಲ್ಲಿ ಬೇಡ. ನಡೆಯಿರಿ. ಇದು ವಿಜ್ಞಾನವಲ್ಲ, ಎಲ್ಲರೂ ಹೇಳುವುದೇ. ಕ್ಷಮೆ ಕೇಳುವುದಕ್ಕೆ ಒಂದು ನಮೂನೆ ಕೊಟ್ಟಿದ್ದಾರೆ, ಅದು ಬೇರೆ ಲಕೋಟೆಯಲ್ಲಿ ಬರುತ್ತದೆ. ಅದರಲ್ಲಿ ಇರುವುದಕ್ಕಿಂತ ಹೆಚ್ಚು ಕೇಳುತ್ತಿದ್ದೇನೆ.

ಬೆಂಚಿನಿಂದ


ಟ್ಯಾಸ್ಮೇನಿಯ, ಉತ್ತರ ಕರಾವಳಿ
4 ಜನವರಿ 2023

ಬೆಂಚಿನವರಿಗೆ,

ಸಹಿ ಹಾಕಿದ್ದೇನೆ. ಅರ್ಧ ನಿಮ್ಮಲ್ಲಿರಲಿ.

ಬೇರೆ ಲಕೋಟೆಯಲ್ಲಿ ಬಂದದ್ದನ್ನು ಅಕ್ಕ ಗಟ್ಟಿಯಾಗಿ ಓದಿದಳು. “ಇದನ್ನ ಬರೆದೋನು ಜನ್ಮದಲ್ಲಿ ಯಾರ ಹತ್ರಾನೂ ಕ್ಷಮೆ ಕೇಳಿಲ್ಲ” ಅಂದಳು. ನಿಮ್ಮದನ್ನು ಒಬ್ಬಳೇ ಕೂತು ಓದಿಕೊಂಡಳು. ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದು ನನ್ನನ್ನು ಗುಡ್ಡ ಹತ್ತಿಸುತ್ತಾಳೆ. ಅವಳು ಮುಂದೆ, ನಾನು ಹಿಂದೆ, ಒಂದೊಂದು ತಿರುವಿನಲ್ಲೂ ಬೈಗುಳ. ಎಲ್ಲ ಚೆನ್ನಾಗಿದೆ.

ಉತ್ತರ ಬರುವುದಿಲ್ಲವಾದ್ದರಿಂದ ಪ್ರಶ್ನೆ ಇಡುವುದಿಲ್ಲ. ಇಲ್ಲವೆಂದಲ್ಲ, ಏಳೆಂಟು ಇವೆ.

ಹದಿನೇಳು


ಮೆಲ್ಬರ್ನ್
6 ಸೆಪ್ಟೆಂಬರ್ 2023

ಹದಿನೇಳನೆಯವರಿಗೆ,

ಇದನ್ನು ಬ್ರೈಡಿ ಒಯ್ಯುವುದಿಲ್ಲ. ಕೇಳಿದೆ. ಮಾರ್ಕರ್ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ, “ಬರೆದು ನಿನ್ ಹತ್ರಾನೇ ಇಟ್ಕೋ” ಅಂದಳು. ನೀವು ಹೇಗಿದ್ದೀರಿ ಎಂಬುದು ಅವಳಿಗೆ ಗೊತ್ತಿರಬಹುದು. ನಾನು ಕೇಳುವಂತಿಲ್ಲ, ಅವಳು ಹೇಳುವಂತಿಲ್ಲ. ಊಟದ ಕೋಣೆಯಲ್ಲಿ ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತೇವೆ.

ಕಡಿಮೆ ಕೋಶಗಳಿಂದಲೂ ಓದಬಲ್ಲ ಹೊಸ ವಿಧಾನ ಕಳೆದ ತಿಂಗಳು ನಮ್ಮ ಕೈಗೆ ಬಂತು. ಮೊದಲು ನಿಮ್ಮ ಅರ್ಧವನ್ನೇ ಕರಗಿಸಿದೆ. ಮುಚ್ಚಳವನ್ನು ಎರಡು ಸಲ ನೋಡಿದೆ.

ನಾವು ಎಣಿಸಿದ ಆಯುಧಧಾರಿಗಳಲ್ಲಿ ಮುಕ್ಕಾಲು ಪಾಲು ಒಂದೇ ವಂಶದವು. ಎಂದೋ ಒಂದು ದಿನ ಒಂದೇ ಒಂದು ಕೋಶ ಆ ಮಾಮೂಲಿ ವೈರಸ್ಸನ್ನು ಎದುರಿಸಿ ಗುರುತಿಟ್ಟುಕೊಂಡಿತು. ಅಂದಿನಿಂದ ಒಡೆದು ಒಡೆದು ತನ್ನಂಥವನ್ನೇ ಹುಟ್ಟಿಸುತ್ತ ಬಂದಿದೆ. ಹಳೆಯ ವಂಶ, ನೀವು ಎಚ್‌ಐವಿಗೆ ಸಿಕ್ಕುವ ಮೊದಲಿನದೂ ಇರಬಹುದು. ಆ ಮೊದಲಿನದಕ್ಕೆ ವೈರಸ್ಸನ್ನು ಯಾರ ಎಂಜಲು ತಂದಿತು, ತಾಯಿಯದೋ, ಅಕ್ಕ ಕಚ್ಚಿ ಕೊಟ್ಟ ಹಣ್ಣಿನದೋ, ಗ್ರೇಮ್‌ನದೋ, ಎಂದು ಯಾವ ಯಂತ್ರವೂ ಹೇಳಲಾರದು. ನೀವಾಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದಿರಿ.

ಸಂತೆ ಬೆಳೆಯಿತೇ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ಇನ್ನು ಬರುವುದೂ ಇಲ್ಲ. ಫೆಬ್ರವರಿಯಲ್ಲಿ ನಿಮ್ಮ ದಿನಕ್ಕೆ ಹತ್ತೊಂಬತ್ತನೆಯವರನ್ನು ಕರೆದರು. ನಾನು ಕೊಳವೆ ಒಯ್ಯಲು ಹೋದೆ. ಪರದೆಯಾಚೆಯಿಂದ ಯಾರೂ ಏನೂ ಕೇಳಲಿಲ್ಲ.

ಹುಡುಕಿದರೆ ನೀವು ಸಿಗುತ್ತೀರಿ. ಉತ್ತರ ಕರಾವಳಿಯಲ್ಲಿ ಎರಡು ವರ್ಷದ ಹಿಂದೆ ಮುಚ್ಚಿದ ಮಾಂಸದ ಅಂಗಡಿಗಳು ಎಷ್ಟಿದ್ದಾವು? ಒಂದು ದಿನದ ಕೆಲಸ. ಹುಡುಕುವುದಿಲ್ಲ ಎಂದು ನಾನೂ ಒಂದು ಕಾಗದಕ್ಕೆ ಸಹಿ ಹಾಕಿದ್ದೇನೆ. ನಿಮ್ಮ ಕೊನೆಯ ಪತ್ರದಲ್ಲಿ ‘ಎಲ್ಲ ಚೆನ್ನಾಗಿದೆ’ ಎಂಬ ವಾಕ್ಯವಿದೆ. ಸಣ್ಣ ವಾಕ್ಯ. ಅಂಥವನ್ನು ನಾನು ಬಲ್ಲೆ, ಬರೆದಿದ್ದೇನೆ.

ನಿಮ್ಮೊಳಗಿನ ನಲವತ್ತೋ ಅರವತ್ತೋ ವರ್ಷ ಹಳೆಯದೊಂದು ವಂಶದ ಜೀನಿನ ಒಂದೊಂದು ಅಕ್ಷರವೂ ಇಲ್ಲಿ ನನ್ನ ಪರದೆಯ ಮೇಲಿದೆ. ಈಗ ಮಧ್ಯಾಹ್ನ ಎರಡು ಗಂಟೆ, ನಿಮ್ಮಲ್ಲೂ ಅದೇ ಹೊತ್ತು. ಇವತ್ತು ಊಟಕ್ಕೆ ಏನು ತಿಂದಿರಿ?